ಓಲೆಯ ತಿರುಪು

"ಈ ಟ್ರಸ್ಟಿನಲ್ಲಿ ಏನೇನು ಸೇರಿಸೋಣ, ರಾಮಚಂದ್ರಪ್ಪನೋರೇ?" ಎಂದು ಕೇಳಿ ವಕೀಲ ಶ್ರೀವತ್ಸ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತ ಕೂತ.

ರಾಮಚಂದ್ರಪ್ಪ ತಲೆಯೆತ್ತಿ ಫ್ಯಾನು ನೋಡಿದ. ಆಮೇಲೆ ಗೋಡೆಯ ಕ್ಯಾಲೆಂಡರು ನೋಡಿದ. ಹೊಸೂರಿನ ತಾಲೂಕು ಕಚೇರಿಯ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿದ್ದ ಆ ಸಣ್ಣ ಕೋಣೆಯಲ್ಲಿ ನೋಡುವುದಕ್ಕೆ ಇನ್ನೇನೂ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಹೆಂಡತಿ ಶ್ಯಾಮಲಮ್ಮ ಮದುವೆ ಮನೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ ಉಟ್ಟು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳು ಕತ್ತು ಆಡಿಸಿದಾಗಲೆಲ್ಲ ಕಿವಿಯ ಕೆಂಪುಕಲ್ಲಿನ ಓಲೆ ಜುಮುಕಿ ಹೊಳೆಯುತ್ತಿತ್ತು. ಈ ಪ್ರಶ್ನೆ ಅವಳ ಎದುರಿಗೇ ಬಂದೀತೆಂದು ರಾಮಚಂದ್ರಪ್ಪ ಎಣಿಸಿರಲಿಲ್ಲ.

"ಮೊದ್ಲು ಒಂದಿಷ್ಟು ಹಾಕಿ ಶುರು ಮಾಡಿ ಸಾಮಿ," ಎಂದ. "ಮಿಕ್ಕಿದ್ದು ಆಮೇಲೆ ಒಂದೊಂದಾಗಿ ಸೇರ್ಸಾನ."

ಶ್ರೀವತ್ಸ ಒಂದು ಗಳಿಗೆ ಅವನ ಮುಖ ನೋಡಿದ. ರಾಮಚಂದ್ರಪ್ಪನಿಗೆ ಪಾಠ ಹೇಳಿದ ದ್ವಾರಕಾನಾಥ ಮೇಷ್ಟ್ರ ಮಗ. ಅಪ್ಪನ ಹಾಗೆಯೇ ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ. ಮೇಷ್ಟ್ರಾಗಿದ್ದರೆ ಬಿಡದೆ ಕೇಳುತ್ತಿದ್ದರು. ವಕೀಲರಿಗೆ ಮಾತ್ರ ಕೆಲವು ಪ್ರಶ್ನೆಗಳನ್ನು ಎರಡನೆಯ ಸಲ ಕೇಳಬಾರದೆಂಬುದು ಗೊತ್ತಿರುತ್ತದೆ. "ಹಾಗೂ ಮಾಡಬಹುದು" ಎಂದು, ಬರೀ ಶಾಸ್ತ್ರಕ್ಕೆಂಬಂಥ ಒಂದು ಚಿಕ್ಕ ಮೊತ್ತ ಬರೆದುಕೊಂಡ.

ಆಮೇಲೆ ಇಬ್ಬರಿಗೂ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದ. ಟ್ರಸ್ಟು ಮಾಡುವವನೂ ರಾಮಚಂದ್ರಪ್ಪನೇ, ನೋಡಿಕೊಳ್ಳುವವನೂ ಅವನೇ. ಇರುವಷ್ಟು ದಿನ ಗಂಡ ಹೆಂಡತಿ ಅದರ ಆದಾಯ ಉಣ್ಣಬಹುದು, ಬೇಡವೆನಿಸಿದರೆ ರದ್ದೂ ಮಾಡಬಹುದು. ಅವನು ಹೋದಮೇಲೆ ಅದು ಶ್ಯಾಮಲಮ್ಮನ ಪಾಲಿಗೆ, ಅವಳ ನಂತರ ಮಗಳು ಮಾಲಿನಿಗೆ. ಟ್ರಸ್ಟಿಗೆ ಸೇರಿದ್ದಕ್ಕೆ ಕೋರ್ಟು ಕಚೇರಿ ಅಲೆಯಬೇಕಾಗಿಲ್ಲ. ವಾರಸುದಾರರು ಯಾರೆಂದು ಗ್ರಾಮಾಧಿಕಾರಿ ಬೀದಿಯಲ್ಲಿ ನಿಂತು ಅಕ್ಕಪಕ್ಕದವರನ್ನು ವಿಚಾರಿಸುವ ಗೋಜಿಲ್ಲ. "ಒಳಗೆ ಏನಿದೆ, ಎಷ್ಟಿದೆ ಅನ್ನೋದು ನಿಮ್ಮ ಮನೆ ವಿಷಯ. ಅದನ್ನ ಊರಿಗೆ ತೋರಿಸಬೇಕಾದ್ದೇನಿಲ್ಲ," ಎಂದ.

ರಾಮಚಂದ್ರಪ್ಪ ಬಸ್ಸು ಹತ್ತಿ ಬಂದದ್ದೇ ಈ ಒಂದು ಮಾತಿಗಾಗಿ. ಶ್ಯಾಮಲಮ್ಮ ತೋರಿಸಿದ ಕಡೆಯಲ್ಲೆಲ್ಲ ಕನ್ನಡದಲ್ಲಿ ಅಕ್ಷರ ಅಕ್ಷರ ಕೂಡಿಸಿ ರುಜು ಹಾಕಿದಳು. ಕೊನೆಗೆ ಎದ್ದು ನಿಂತು, ದೇವಸ್ಥಾನದಲ್ಲಿ ಮಂಗಳಾರತಿ ತೆಗೆದುಕೊಂಡವಳ ಹಾಗೆ ಎರಡೂ ಕೈ ಕಣ್ಣಿಗೆ ಒತ್ತಿಕೊಂಡಳು. ರಾಮಚಂದ್ರಪ್ಪ ಮುಖ ತಿರುಗಿಸಿ ಮತ್ತೆ ಗೋಡೆಯ ಕ್ಯಾಲೆಂಡರು ನೋಡಿದ.

ವಿಷಯ ಇಷ್ಟೇ: ಟ್ರಸ್ಟಿನಲ್ಲಿ ಇಡುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ.

ಒಂದು ಕಾಲದಲ್ಲಿ ಇತ್ತು. ಸಾನಮಾವು ಕಾಡಿನ ಅಂಚಿನ ಅವರ ಜಮೀನನ್ನು ಕಾರ್ಖಾನೆಯವರು ಕೊಂಡಾಗ ಊರಿನವರೆಲ್ಲ ಬಾಯಿ ಬಿಟ್ಟು ನೋಡುವಷ್ಟು ದುಡ್ಡು ಬಂದಿತ್ತು. ಪೋಸ್ಟಾಫೀಸಿನಲ್ಲಿ ಹಾಕಿ ಎಂದು ಶ್ಯಾಮಲಮ್ಮ ಹೇಳಿದ್ದಳು. ಅವನು ಆಗಲಿ ಎಂದವನು, ಅವಳಿಗೆ ಹೇಳದೆ, ಕೃಷ್ಣಗಿರಿಯಲ್ಲಿ ಗಾಜಿನ ಬಾಗಿಲಿಟ್ಟು, ಬಂದವರಿಗೆಲ್ಲ ಬಾದಾಮಿ ಹಾಲು ಕೊಟ್ಟು, ಬ್ಯಾಂಕಿನ ಎರಡರಷ್ಟು ಬಡ್ಡಿ ಹೇಳುತ್ತಿದ್ದ ಒಂದು ಫೈನಾನ್ಸಿನಲ್ಲಿ ಇಟ್ಟ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಗಾಜಿನ ಬಾಗಿಲಿಗೆ ಬೀಗ, ಬೀಗದ ಮುಂದೆ ಅವನಂಥವರದೇ ಗುಂಪು. ಅಳುವವರು ಅತ್ತರು, ಪೊಲೀಸ್ ಠಾಣೆಗೆ ಹೋಗುವವರು ಹೋದರು. ರಾಮಚಂದ್ರಪ್ಪ ಎದುರು ಹೋಟೆಲಿನಲ್ಲಿ ಒಂದು ಟೀ ಕುಡಿದು, ಬಸ್ಸು ಹಿಡಿದು ಊರಿಗೆ ಬಂದ. ಬಡ್ಡಿ ಬಂತಾ ಎಂದು ಹೆಂಡತಿ ಕೇಳಿದಾಗ, ಬಡ್ಡಿಯನ್ನು ಅಸಲಿಗೇ ಸೇರಿಸಿಬಿಟ್ಟೆ, ಬೆಳೆಯಲಿ ಎಂದ. ಅವತ್ತಿನಿಂದ ಆ ಇಲ್ಲದ ದುಡ್ಡು ಅವಳ ಮನಸ್ಸಿನಲ್ಲಿ ಬೆಳೆಯುತ್ತಲೇ ಇತ್ತು.

ಹೊಟ್ಟೆಗೆ ತೊಂದರೆಯಿರಲಿಲ್ಲ. ಮನೆಯ ಹಿಂದೆ ಉಳಿದಿದ್ದ ತುಂಡು ಜಮೀನಿನಲ್ಲಿ ಸೇವಂತಿಗೆ ಹಾಕುತ್ತಿದ್ದರು. ಹೊಸೂರಿನ ಹೂವಿನ ಮಾರುಕಟ್ಟೆಯಲ್ಲಿ ಬಂದದ್ದು ಬಂದ ಹಾಗೆ ಸಂಸಾರಕ್ಕೆ ಆಗುತ್ತಿತ್ತು. ತೊಂದರೆಯಿದ್ದುದು ಜಗಲಿಯಲ್ಲಿ. ದುಡ್ಡಿನವನು ಎಂಬ ಹೆಸರು ಒಮ್ಮೆ ಬಂದರೆ ದುಡ್ಡು ಹೋದಮೇಲೂ ಹೋಗುವುದಿಲ್ಲ. ಬೆಳಗಾದರೆ ಯಾರಾದರೊಬ್ಬರು ಬಂದು ಜಗಲಿಯಲ್ಲಿ ಕೂರುವರು. ಮೊದಲು ಮಳೆಯ ಮಾತು, ಆಮೇಲೆ ಆನೆ ಬಂದು ರಾಗಿ ತುಳಿದ ಮಾತು, ಆಮೇಲೆ ಟೊಮೇಟೊ ಬೆಲೆಯ ಮಾತು. ಇಷ್ಟು ದಾಟಿದ ಮೇಲೆ ಗಂಟಲು ಸರಿಮಾಡಿಕೊಳ್ಳುವರು. ಆ ಗಂಟಲಿನ ಸದ್ದು ಕೇಳಿದರೆ ಸಾಕು, ರಾಮಚಂದ್ರಪ್ಪನಿಗೆ ಆಯಾಸವಾಗುತ್ತಿತ್ತು. ಇಲ್ಲ ಎನ್ನುವುದಕ್ಕೆ ಅವನು ಹುಡುಕದ ನೆಪವಿರಲಿಲ್ಲ. ಹುಡುಕಿ ಹುಡುಕಿ ಮುಖವೇ ಜೋತುಬಿದ್ದಿತ್ತು.

ಅಣ್ಣನ ಮಗ ಭೈರೇಶ ಟೆಂಪೋ ಕೊಳ್ಳುವುದಕ್ಕೆಂದು ಬಂದು ಕೇಳಿ, ಬರಿಗೈಯಲ್ಲಿ ಎದ್ದು ಹೋಗುವಾಗ ಹೊಸಿಲ ಹತ್ತಿರ ನಿಂತು ಹೇಳಿದ: "ಕೊಡಾಕೆ ಮನಸ್ಸಿಲ್ದಿದ್ರೆ ಬಿಡು ಚಿಕ್ಕಪ್ಪ, ಬೇಜಾರಿಲ್ಲ. ನಿಜವಾಗ್ಲೂ ಐತಾ ಇಲ್ಲ ಹೋಗ್ಬುಡ್ತಾ ಅಂತ ಊರೊಳಗೆ ಮಾತಾಡ್ತವ್ರೆ, ಅದೊಂದು ನೋಡ್ಕೋ."

ಆ ಮಾತು ರಾಮಚಂದ್ರಪ್ಪನನ್ನು ಹೆದರಿಸಿತು. ಊರು ಮಾತಾಡಿದರೆ ಅವನಿಗೇನೂ ಇಲ್ಲ. ಆದರೆ ಊರ ಮಾತು ನಲ್ಲಿಯ ಹತ್ತಿರ, ಹಾಲಿನ ಡೈರಿಯ ಹತ್ತಿರ ಶ್ಯಾಮಲಮ್ಮನ ಕಿವಿಗೆ ಬೀಳುತ್ತದೆ. ಅವಳು ಬಂದು ನೇರವಾಗಿ ಕೇಳಿದರೆ ಅವನಿಗೆ ಮತ್ತೊಂದು ಸುಳ್ಳು ಹೇಳಲು ಆಗುವುದಿಲ್ಲ. ನಿಜ ಹೇಳಲೂ ಆಗುವುದಿಲ್ಲ. ಅವಳಿಗೆ ಗೊತ್ತಾಗಬಾರದು, ತಾನು ಬದುಕಿರುವವರೆಗಾದರೂ ಗೊತ್ತಾಗಬಾರದು ಎಂಬುದೊಂದೇ ಅವನ ಚಿಂತೆಯಾಗಿತ್ತು. ತಾನು ಹೋದಮೇಲೆ ಗೊತ್ತಾದರೆ ಅವಳ ಗತಿ ಏನು ಎಂದು ಮನಸ್ಸು ಮುಂದೆ ಹೋದರೆ, ಅದನ್ನು ಅಲ್ಲೇ ತಡೆದು ನಿಲ್ಲಿಸುತ್ತಿದ್ದ.

ತಡೆದು ನಿಲ್ಲಿಸುವುದಕ್ಕೆ ಅವನಿಗೆ ಇದ್ದ ಗೂಟವೆಂದರೆ ಅವಳ ಕಿವಿಯ ಓಲೆ ಜುಮುಕಿ. ಜಮೀನಿನ ದುಡ್ಡು ಬಂದಾಗ ಅವಳು ಬಾಯಿಬಿಟ್ಟು ಕೇಳಿ ಮಾಡಿಸಿಕೊಂಡದ್ದು ಅದೊಂದೇ. ತೂಕದ ಬಂಗಾರ, ಸುತ್ತ ಕೆಂಪುಕಲ್ಲು. ಅಷ್ಟೂ ದುಡ್ಡಿನಲ್ಲಿ ಅವಳ ಕಿವಿಯಲ್ಲಿದ್ದದ್ದು ಮಾತ್ರ ಉಳಿದಿತ್ತು, ಅವನ ಕೈಗೆ ಬಂದದ್ದೆಲ್ಲ ಹೋಗಿತ್ತು. ಇಬ್ಬರಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ, ನಾಳೆ ಅವಳೊಬ್ಬಳೇ ಉಳಿದರೆ, ಕೊನೆಗೆ ಆ ಓಲೆಯಾದರೂ ಇದೆ ಎಂದುಕೊಳ್ಳುತ್ತಿದ್ದ. ಅವಳು ಅದನ್ನು ಬಿಚ್ಚಿದ್ದು ಒಮ್ಮೆ ಮಾತ್ರ. ಕಲ್ಲೊಂದು ಉದುರಿ ಹೊಸೂರಿನ ಅಕ್ಕಸಾಲಿಗೆ ಕೊಟ್ಟಿದ್ದಾಗ, ತೂತು ಮುಚ್ಚಿಹೋಗದಿರಲೆಂದು ನಾಲ್ಕು ದಿನ ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡು, ಹೊರಗೆ ಬರುವಾಗ ನಾಚಿಕೆಗೆ ಸೆರಗು ಹೊದ್ದುಕೊಂಡು ಓಡಾಡಿದ್ದಳು.

ಭೈರೇಶ ಬಂದುಹೋದ ವಾರದಲ್ಲೇ ರಾಮಚಂದ್ರಪ್ಪ ಹೂವಿನ ಮಾರುಕಟ್ಟೆಯಲ್ಲಿ ಒಂದು ಮಾತು ಕೇಳಿದ್ದ. ಗುಲಾಬಿಯ ಪಾಲಿಹೌಸುಗಳನ್ನಿಟ್ಟಿದ್ದ ದೊಡ್ಡ ಕುಳ ಒಬ್ಬನ ಹತ್ತಿರ ಹಬ್ಬದ ಚಂದಾ ಎತ್ತುವವರು ಬಂದಿದ್ದರು. ಅವನು ನಗುನಗುತ್ತ, "ನನ್ ಹೆಸ್ರಲ್ಲಿ ಏನೈತಪ್ಪ? ಎಲ್ಲ ಟ್ರಸ್ಟಿಗೆ ಬರ್ದಾಗೈತೆ. ನಾನೂ ಮುಟ್ಟಂಗಿಲ್ಲ," ಎಂದ. ಬಂದವರು ಮುನಿಸಿಕೊಳ್ಳಲಿಲ್ಲ, ಕೈ ಮುಗಿದು ಹೋದರು. ಇಷ್ಟು ವರ್ಷ ತಾನು ಹುಡುಕುತ್ತಿದ್ದ ಮಾತು ಇದೇ ಎಂದು ರಾಮಚಂದ್ರಪ್ಪನಿಗೆ ಅನಿಸಿತು. ಇಲ್ಲ ಎಂದ ಹಾಗೂ ಆಯಿತು, ಇದೆ ಎಂದ ಹಾಗೂ ಆಯಿತು. ಯಾರೂ ಎಷ್ಟಿದೆ ಎಂದು ಕೇಳುವಂತಿಲ್ಲ. ಆ ಮಾತನ್ನು ಕೊಂಡುಕೊಳ್ಳುವುದಕ್ಕೇ ಅವನು ವಕೀಲರ ಮಹಡಿ ಹತ್ತಿದ್ದು. ಪಾಲಿಹೌಸಿನವನು ಇದ್ದದ್ದನ್ನು ಮುಚ್ಚಿಡಲು ಮಾಡಿದ್ದನ್ನು, ಇವನು ಇಲ್ಲದ್ದನ್ನು ಮುಚ್ಚಿಡಲು ಮಾಡಿದ.

ಅವತ್ತು ವಾಪಸು ಬರುವ ಬಸ್ಸಿನಲ್ಲಿ ಶ್ಯಾಮಲಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಕಾರ್ಖಾನೆಯ ಉದ್ದನೆಯ ಗೋಡೆ ಬಂತು, ಒಂದು ಕಾಲಕ್ಕೆ ಅವರ ಹೊಲವಿದ್ದ ಜಾಗ. ಅಲ್ಲಿಗೆ ಬಂದಾಗ ಅವಳು ಯಾವಾಗಲೂ ಮುಖ ಈಚೆ ತಿರುಗಿಸುತ್ತಿದ್ದಳು. ಅವತ್ತು ತಿರುಗಿಸಲಿಲ್ಲ.

"ನಂಗೆ ಒಳಗೊಳಗೇ ಒಂದು ದಿಗಿಲಿತ್ತು," ಎಂದಳು. "ನಿಮ್ಗೇನಾದ್ರೂ ಆಗಿ ನಾನೊಬ್ಳೇ ಉಳ್ಕೊಂಡ್ರೆ, ಅಳಿಯನ ಮುಂದೆ ಕೈಯೊಡ್ಡಿ ನಿಂತ್ಕೋಬೇಕಲ್ಲಾ ಅಂತ. ನಿಮ್ಗೆ ಹೇಳಿರ್ಲಿಲ್ಲ. ಇವತ್ತು ಅದು ಇಳೀತು."

ರಾಮಚಂದ್ರಪ್ಪ ಹೂಂ ಎಂದ. ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಊರು ಬರುವವರೆಗೂ ಬಿಡಲಿಲ್ಲ.

ಟ್ರಸ್ಟಿನ ಸುದ್ದಿಯನ್ನು ಊರಿಗೆ ಹರಡುವ ಕೆಲಸ ಅವನು ಮಾಡಬೇಕಾಗಿ ಬರಲಿಲ್ಲ. ಶ್ಯಾಮಲಮ್ಮ ಡೈರಿಯ ಹತ್ತಿರ ಒಂದು ಮಾತು ಆಡಿದ್ದೇ ತಡ, ಸಾಯಂಕಾಲದೊಳಗೆ ಎಲ್ಲರಿಗೂ ತಿಳಿಯಿತು. ಟೀ ಅಂಗಡಿಯಲ್ಲಿ ಮುತ್ತರಾಯಪ್ಪ ಬೆಂಚಿನಿಂದ ಎದ್ದು ಜಾಗ ಬಿಟ್ಟುಕೊಟ್ಟ. ಚಿಕ್ಕಂದಿನಿಂದ ಹೋಗಲಾ ಬಾರಲಾ ಎನ್ನುತ್ತಿದ್ದ ಆ ಗೆಳೆಯ, ಪಕ್ಕದವನಿಗೆ ಕೇಳಿಸುವಂತೆ, "ಬ್ಯಾಂಕಲ್ಲಿ ಇಕ್ಕಾಕೆ ಜಾಗ ಸಾಲ್ದೆ ಟ್ರಸ್ಟ್ ಮಾಡವ್ನೆ ಕಣ್ಲಾ ನಮ್ ರಾಮಚಂದ್ರ," ಎಂದ. ಹೋಯಿತಂತೆ ಎಂದವರ ಬಾಯಿ ಅಲ್ಲಿಗೆ ಮುಚ್ಚಿತು. ಜಗಲಿಗೆ ಬರುವವರು ಕಡಿಮೆಯಾಗಲಿಲ್ಲ, ಮೊದಲಿಗಿಂತ ಹೆಚ್ಚೇ ಬಂದರು. ಆದರೆ ಅವನು ಟ್ರಸ್ಟಿನ ಮಾತು ಹೇಳಿದ ಮೇಲೆ ಒತ್ತಾಯಿಸಿ ಕೇಳುತ್ತಿರಲಿಲ್ಲ. ಕಾನೂನು ಎಂದಮೇಲೆ ಯಾರು ಏನು ಮಾಡಲಾದೀತು ಎಂದು ಎದ್ದು ಹೋಗುತ್ತಿದ್ದರು. ಭೈರೇಶ ಕೂಡ ಒಂದು ಸಲ ಬಂದು, ಟ್ರಸ್ಟು ಮಾಡೋದು ಹೆಂಗೆ ಚಿಕ್ಕಪ್ಪ ಎಂದು ಕೇಳಿಕೊಂಡು ಹೋದ.

ಮನೆಯೊಳಗೂ ಗಾಳಿ ಬದಲಾಗಿತ್ತು. ಶ್ಯಾಮಲಮ್ಮ ಮೊದಲೆಲ್ಲ ಒಂದು ತೆಂಗಿನಕಾಯಿ ಒಡೆಯಬೇಕಾದರೂ ಯೋಚಿಸುತ್ತಿದ್ದಳು. ಈಗ ಹುರುಳಿಸಾರಿಗೂ ಕಾಯಿ ಬೀಳುತ್ತಿತ್ತು. ಹೂ ಬಿಡಿಸುತ್ತ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ಉಂಡು ಚಾಪೆಯ ಮೇಲೆ ಬಿದ್ದರೆ ಗೊರಕೆ ಬರುವಂಥ ನಿದ್ದೆ. ರಾಮಚಂದ್ರಪ್ಪ ಆ ಗೊರಕೆ ಕೇಳುತ್ತ ಕಂಬಕ್ಕೆ ಒರಗಿ ಕೂರುತ್ತಿದ್ದ. ಮದುವೆಯಾದಾಗಿನಿಂದ ಅವಳಿಗೆ ಇಷ್ಟು ಸುಖವಾಗಿ ನಿದ್ದೆ ಬರುವಂಥದ್ದೇನನ್ನೂ ತಾನು ಕೊಟ್ಟಿರಲಿಲ್ಲ, ಕೊಟ್ಟದ್ದು ಇದೊಂದೇ, ಇದೂ ಸುಳ್ಳು ಎಂದು ಅವನಿಗೆ ಅನಿಸುತ್ತಿತ್ತು. ಆದರೂ ಆ ಗೊರಕೆ ಕೇಳುವುದು ಅವನಿಗೆ ಹಿತವಾಗಿತ್ತು.

ಹೀಗಿರುವಾಗ ಒಂದು ದಿನ ಹೊತ್ತೇರಿದ ಮೇಲೆ ಗುಮ್ಮಳಾಪುರದಿಂದ ವೆಂಕಟಲಕ್ಷ್ಮಿ ಬಂದಳು.

ವೆಂಕಟಲಕ್ಷ್ಮಿ ಶ್ಯಾಮಲಮ್ಮನ ತಂಗಿ. ಗಂಡ ಹನುಮಯ್ಯ ತೀರಿಕೊಂಡ ಮೇಲೆ ಕೂಲಿನಾಲಿ ಮಾಡಿ ಮಗಳು ಸೆಲ್ವಿಯನ್ನು ಓದಿಸಿ, ಹುಡುಗಿ ಈಗ ಫ್ಯಾಕ್ಟರಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಹಾಗೆ ಮಾಡಿದ್ದಳು. ಇಷ್ಟು ಕಾಲದಲ್ಲಿ ಅಕ್ಕನ ಮನೆಗೆ ಬರಿಗೈಯಲ್ಲಿ ಬಂದವಳಲ್ಲ, ಏನನ್ನೂ ಕೇಳಿದವಳೂ ಅಲ್ಲ. ಅವತ್ತೂ ಒಂದು ಚೀಲದ ತುಂಬ ಅವರೇಕಾಯಿ ತಂದಿದ್ದಳು. ಅಕ್ಕತಂಗಿಯರು ಜಗಲಿಯಲ್ಲಿ ಮೊರ ನಡುವೆ ಇಟ್ಟುಕೊಂಡು ಕಾಯಿ ಸುಲಿಯುತ್ತ ಕೂತರು. ಸೆಲ್ವಿಗೆ ಗಂಡು ಗೊತ್ತಾಗಿದೆ ಎಂದು ವೆಂಕಟಲಕ್ಷ್ಮಿ ಹೇಳಿದಳು. ಡೆಂಕಣಿಕೋಟೆಯ ಕಡೆಯವರು, ಒಳ್ಳೆಯ ಜನ, ವರದಕ್ಷಿಣೆಯ ಮಾತೇ ಎತ್ತಲಿಲ್ಲ. ಹುಡುಗಿಯ ಕಿವಿಗೆ ಕೊರಳಿಗೆ ಏನು ಹಾಕುತ್ತೀರೋ ನಿಮ್ಮಿಷ್ಟ ಎಂದು ಮಾತ್ರ ಅಂದರಂತೆ. ಕೊರಳಿಗೆ ಹೇಗೋ ಹೊಂದಿಸಿಕೊಂಡಿದ್ದೇನೆ ಎಂದಳು. ಕಿವಿಯ ಮಾತಿಗೆ ಬಂದಾಗ ಅವಳ ಕೈಯಲ್ಲಿದ್ದ ಕಾಯಿ ಸುಲಿಯದೆ ಹಾಗೇ ನಿಂತಿತು.

ರಾಮಚಂದ್ರಪ್ಪ ಕಂಬಕ್ಕೆ ಒರಗಿ ಕೂತಿದ್ದ. ವೆಂಕಟಲಕ್ಷ್ಮಿ ಗಂಟಲು ಸರಿಮಾಡಿಕೊಂಡಳು.

"ಬಾವ, ನಾನು ಯಾವತ್ತೂ ಕೇಳ್ದೋಳಲ್ಲ," ಎಂದಳು. "ಸೆಲ್ವಿ ಸಂಬಳ ಬತ್ತೈತೆ. ಅವ್ಳೇ ತಿಂಗ್ಳು ತಿಂಗ್ಳು ತೀರಿಸ್ತಾಳೆ."

ಊರಿನವರಿಗೆ ಹೇಳುವಾಗ ಆ ಮಾತು ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಈಗ ಎಲ್ಲಿಂದಲೋ ಎಳೆದು ತರಬೇಕಾಯಿತು. ನಿಜವಾಗಿ ದುಡ್ಡಿದ್ದಿದ್ದರೆ ಈ ಹೆಂಗಸಿಗೆ ಕೇಳುವ ಮೊದಲೇ ಕೊಡುತ್ತಿದ್ದೆನಲ್ಲ ಎಂದು ಅವನ ಜೀವ ಮರುಗಿತು. ಆದರೂ ಬಾಯಿ ತನ್ನ ಪಾಡಿಗೆ ತಾನು ಹೇಳಿತು.

"ಎಲ್ಲ ಟ್ರಸ್ಟಿಗೆ ಬರ್ದಾಗೈತಲ್ಲ ವೆಂಕಟಲಕ್ಷ್ಮಿ. ನಾನೂ ಮುಟ್ಟಂಗಿಲ್ಲ."

ವೆಂಕಟಲಕ್ಷ್ಮಿ ತಲೆಯಾಡಿಸಿದಳು. ಪರವಾಗಿಲ್ಲ ಬಾವ, ಕಾನೂನು ಅಂದಮೇಲೆ ನೀವಾದರೂ ಏನು ಮಾಡೀರಿ ಎಂದು ಎಲ್ಲರೂ ಅನ್ನುವುದನ್ನೇ ಅಂದು, ಮತ್ತೆ ಕಾಯಿ ಸುಲಿಯತೊಡಗಿದಳು. ಶ್ಯಾಮಲಮ್ಮ ಮೊರ ಬಿಟ್ಟು ಎದ್ದು ಒಳಗೆ ಹೋದಳು. ತಂಗಿಗೆ ಇಲ್ಲ ಎಂದದ್ದಕ್ಕೆ ಅವಳಿಗೆ ಕೋಪ ಬಂದಿದೆ ಎಂದುಕೊಂಡ ರಾಮಚಂದ್ರಪ್ಪ. ಬರಲಿ, ಕೋಪವಾದರೆ ಒಂದೆರಡು ದಿನಕ್ಕೆ ಇಳಿಯುತ್ತದೆ, ತಡೆದುಕೊಂಡರಾಯಿತು ಎಂದು ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಶ್ಯಾಮಲಮ್ಮ ಎಣ್ಣೆಯ ಬಟ್ಟಲು ಹಿಡಿದು ಅವನ ಎದುರಿಗೇ ಕೂತಿದ್ದಳು. ಬಲಗಿವಿಯನ್ನು ಅವನ ಕಡೆಗೆ ತಿರುಗಿಸಿದಳು.

"ತಿರುಪು ಹಿಡ್ಕೊಂಡೈತೆ, ನನ್ ಕೈಗೆ ಬರ್ತಿಲ್ಲ," ಎಂದಳು. "ಒಸಿ ಬಿಚ್ಕೊಡಿ."

ಅವನು ಬಟ್ಟಲಿಗೆ ಬೆರಳು ಅದ್ದಿದ. ಯಾಕೆ ಎಂದು ಕೇಳಿದ್ದು ವೆಂಕಟಲಕ್ಷ್ಮಿ. ಗೊತ್ತಾದೊಡನೆ ಮೊರ ಪಕ್ಕಕ್ಕೆ ತಳ್ಳಿ, ಬೇಡ ಅಕ್ಕಾ, ನಾನು ಇದಕ್ಕೆ ಬಂದವಳಲ್ಲ ಎಂದು ಅಕ್ಕನ ಕೈ ಹಿಡಿದಳು. ಶ್ಯಾಮಲಮ್ಮ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಸಾಲ ಅಲ್ಲ ಕಣೇ. ಸೆಲ್ವಿಗೆ ದೊಡ್ಡಮ್ಮ ಹಾಕಾದು. ಇಷ್ಟು ದಿನ ಇದ್ನ ಬಿಡಾಕೆ ಧೈರ್ಯ ಇರ್ಲಿಲ್ಲ, ಕಷ್ಟಕ್ಕೆ ಅಂತ ಇದೊಂದೇ ಇತ್ತಲ್ಲ ನನ್ ಮೈಮೇಲೆ. ಈಗ ನಂಗೇನು? ನಿನ್ ಬಾವ ನನ್ ಹೆಸ್ರಿಗೆ ಅಷ್ಟು ಮಾಡಿಕ್ಕವ್ರೆ. ನಿನ್ ಹಿಂದೆ ಯಾರವ್ರೆ ಹೇಳು."

ರಾಮಚಂದ್ರಪ್ಪನ ಬೆರಳು ಎಣ್ಣೆಯೊಳಗಿತ್ತು. ಅವಳ ಕತ್ತಿನ ಹಿಂದಿನ ನರೆತ ಕೂದಲು, ಓಲೆಯ ಭಾರಕ್ಕೆ ಉದ್ದಕ್ಕೆ ಜಗ್ಗಿದ ಕಿವಿಯ ಹಾಲೆ ಕಣ್ಣಿಗೆ ಹತ್ತಿರದಲ್ಲಿದ್ದವು. ಈಗ ಹೇಳಬೇಕು ಎನಿಸಿತು. ಈಗ ಹೇಳಿದರೆ ಓಲೆ ಉಳಿಯುತ್ತದೆ. ಓಲೆ ಉಳಿದರೆ ನಾಳೆ ಇವಳಿಗೊಂದು ಆಧಾರ ಉಳಿಯುತ್ತದೆ. ಒಂದೇ ಮಾತು, ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತದೆ.

"ಶ್ಯಾಮಲಾ," ಎಂದ.

"ಏನು?"

ಅವಳು ತಿರುಗಲಿಲ್ಲ. ತಿರುಗದಿದ್ದರೂ ಕೆನ್ನೆ ಉಬ್ಬಿದ್ದು ಕಂಡು, ಅವಳು ನಗುತ್ತಿದ್ದಾಳೆಂದು ಅವನಿಗೆ ತಿಳಿಯಿತು. ಕೊಡುವ ಸಂತೋಷದಲ್ಲಿ ಹೀಗೆ ಅವಳು ನಕ್ಕದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ. ಕೊಡುವುದಕ್ಕೆ ಅವಳ ಕೈಯಲ್ಲಿ ಯಾವತ್ತು ಏನಿತ್ತು? ಎದುರಿಗೆ ವೆಂಕಟಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಎಣ್ಣೆ ಸಾಲ್ದು," ಎಂದ ರಾಮಚಂದ್ರಪ್ಪ. "ಇನ್ನೊಂದು ತೊಟ್ಟು ಬೇಕು."

ಬಟ್ಟಲಿನಲ್ಲಿ ಬೇಕಾದಷ್ಟು ಎಣ್ಣೆಯಿತ್ತು. ಶ್ಯಾಮಲಮ್ಮ ಒಳಗೆ ಹೋಗಿ ಇನ್ನಷ್ಟು ತಂದಳು. ಅವನು ತಿರುಪಿನ ಸುತ್ತ ಎಣ್ಣೆ ಬಿಟ್ಟು, ನೆನೆಯಲಿ ಎಂದು ಕಾದು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿರುಗಿಸಿದ. ಜಾರಿತು. ಪಂಚೆಯ ಅಂಚಿನಿಂದ ಹಿಡಿದು ತಿರುಗಿಸಿದ. ಬರದೇ ಹೋಗಲಿ, ಹೀಗೇ ಕಚ್ಚಿಕೊಂಡಿರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಬೆರಳುಗಳು ಮಾತ್ರ ಅವಳಿಗೆ ನೋವಾಗದ ಹಾಗೆ ಜೋಪಾನವಾಗಿ ಕೆಲಸ ಮಾಡುತ್ತಿದ್ದವು. ತಿರುಪು ಸಡಿಲವಾಯಿತು. ಆಮೇಲೆ ಸುತ್ತು ಸುತ್ತಾಗಿ ಬಿಚ್ಚಿಕೊಂಡು ಅವನ ಅಂಗೈಗೆ ಬಿತ್ತು. ಎಡಗಿವಿಯದು ಅಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ.

ಶ್ಯಾಮಲಮ್ಮ ಓಲೆ ಜುಮುಕಿಯನ್ನು ಸೀಗೆಪುಡಿಯಿಂದ ಉಜ್ಜಿ ತೊಳೆದು, ಅರಿಸಿನ ಕುಂಕುಮ ಇಟ್ಟು, ವೀಳ್ಯದೆಲೆಯಲ್ಲಿ ತಂಗಿಯ ಮಡಿಲಿಗೆ ಹಾಕಿದಳು. ವೆಂಕಟಲಕ್ಷ್ಮಿ ಅಕ್ಕನ ಕಾಲಿಗೆ ಬಗ್ಗಿದಳು. ಆಮೇಲೆ ಬಾವನ ಕಾಲಿಗೂ ಬಗ್ಗಿದಳು. ಅವನು ಕಾಲು ಹಿಂದೆಳೆದುಕೊಳ್ಳುವಷ್ಟರಲ್ಲಿ ಅವಳ ಕೈ ಮುಟ್ಟಿಯಾಗಿತ್ತು.

ಬೋಳುಕಿವಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತ ಶ್ಯಾಮಲಮ್ಮ ತಂಗಿಗೆ ಕೇಳಿಸದ ಹಾಗೆ ಗಂಡನಿಗೆ ಹೇಳಿದಳು, "ತೂತು ಮುಚ್ಕೊಂಡ್ಬುಟ್ಟಾತು. ಒಂದೆರಡು ಬೇವಿನ ಕಡ್ಡಿ ತಂದ್ಕೊಡಿ. ಸಣ್ಣವು ಸಾಕು. ಇನ್ನ ನಾಕು ದಿನ, ಆಮೇಲೆ ಟ್ರಸ್ಟಿಂದ ತೆಗ್ದು ಹೊಸವು ಮಾಡ್ಸಿರಂತೆ. ನಾವು ಬೇಕಂದ್ರೆ ತೆಗೀಬೋದು ಅಂತ ಆ ವಕೀಲಪ್ಪ ಹೇಳ್ಲಿಲ್ವಾ."

"ಹೇಳಿದ್ರು," ಎಂದ ರಾಮಚಂದ್ರಪ್ಪ.

ಮನೆಯ ಹಿಂದೆ, ಸೇವಂತಿಗೆಯ ಸಾಲುಗಳ ತುದಿಯಲ್ಲಿ ಬೇವಿನ ಮರವಿತ್ತು. ಅವನು ಕೈಗೆ ಸಿಕ್ಕ ಹಸಿ ಕಡ್ಡಿಯೊಂದನ್ನು ಮುರಿದು ನೋಡಿ ಎಸೆದ. ಹಸಿಯದು ಒಣಗಿದರೆ ಸಣ್ಣಗಾಗಿ ಜಾರಿಬಿಡುತ್ತದೆ. ಮರದ ಬುಡದಲ್ಲಿ ಬಗ್ಗಿ ಹುಡುಕಿ, ಒಣಗಿ ಗಟ್ಟಿಯಾದ ಎರಡು ಕಡ್ಡಿ ಆರಿಸಿದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಹೂ ಕೊಯ್ಯುವ ಚಾಕುವಿನಿಂದ ತೊಗಟೆ ಹೆರೆದ. ತುದಿ ಚುಚ್ಚದಂತೆ ಗುಂಡಗೆ ಮಾಡಿದ. ಕಲ್ಲಿನ ನುಣುಪಿನ ಮೇಲೆ ಉಜ್ಜಿದ, ತನ್ನ ಕಿವಿಯ ಹಾಲೆಗೆ ಒತ್ತಿ ನೋಡಿದ, ಮತ್ತೆ ಉಜ್ಜಿದ. ಜಗಲಿಯಿಂದ ಅಕ್ಕತಂಗಿಯರ ನಗು ಕೇಳಿಸುತ್ತಿತ್ತು.

"ಇನ್ನೂ ಸಿಗ್ಲಿಲ್ವಾ?" ಎಂದು ಶ್ಯಾಮಲಮ್ಮ ಕೂಗಿದಳು. "ಯಾವ್ದೋ ಒಂದು ತಂದ್ರಾಯ್ತು, ನಾಕು ದಿನದ ಬಾಳಿಗೆ."

"ಬಂದೆ," ಎಂದು ಅವನು, ಒಂದನ್ನು ಜೇಬಿನಲ್ಲಿಟ್ಟುಕೊಂಡು ಇನ್ನೊಂದನ್ನು ಉಜ್ಜತೊಡಗಿದ.